ಹದಿಮೂರನೆಯ ಕಂತಿನಲ್ಲಿ ಸಣ್ಣಿ

೧

ಎಲ್ಲಿಂದ ಶುರುಮಾಡಲಿ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಕರುವಿನಿಂದ ಶುರುಮಾಡಿದರೆ ಇದು ಮಕ್ಕಳ ಕಥೆಯೆಂದು ನೀವು ಪುಸ್ತಕವನ್ನು ಮೊಮ್ಮಗಳ ಕೈಗೆ ಕೊಟ್ಟು, ಒಲೆಯ ಮೇಲಿಟ್ಟ ಹಾಲು ನೋಡಲು ಎದ್ದುಹೋಗುತ್ತೀರಿ. ಟೀವಿಯವರ ಫೋನಿನಿಂದ ಶುರುಮಾಡಿದರೆ, ಈ ವಯಸ್ಸಿನಲ್ಲಿ ಮುದುಕಿಗೆ ಜಂಬ ಬಂದಿದೆ ಎನ್ನುತ್ತೀರಿ. (ಬಂದಿತ್ತು. ಎರಡು ದಿನ.) ದೇವಿಯಿಂದ ಶುರುಮಾಡುವುದೇ ನ್ಯಾಯ. ಆದರೆ ಮೂವತ್ತಮೂರು ವರ್ಷದಿಂದ ನೋಡದವಳನ್ನು ಮೊದಲ ಸಾಲಿಗೇ ಕರೆದು ಕೂರಿಸುವ ಧೈರ್ಯ ನನಗಿಲ್ಲ. ಅವಳು ಸ್ವಲ್ಪ ತಡೆದು ಬರಲಿ. ಬಂದರೆ.

ಹಾಗಾದರೆ ಕರುವೇ ಇರಲಿ:

ಕೈಲಾಂಚದ ಒಂದು ಮನೆಯಲ್ಲಿ ಕೆಂದಿ ಎಂಬ ಕರು ಇತ್ತು. ಅದನ್ನು ರೇಷ್ಮೆ ಹುಳ ಸಾಕುವ ಕೋಣೆಯ ಕಿಟಕಿಯ ಕೆಳಗೆ ಕಟ್ಟುತ್ತಿದ್ದರು. ಕಿಟಕಿಯ ಒಳಗೆ, ಬಿದಿರು ತಟ್ಟೆಯ ಅಂಚಿನಲ್ಲಿ, ಸಣ್ಣಿ ಎಂಬ ಹುಳ ಇತ್ತು. ಸಣ್ಣಿ ತನ್ನ ಪಾಲಿನ ಹಿಪ್ಪುನೇರಳೆ ಎಲೆಯನ್ನು ಪೂರ್ತಿ ತಿನ್ನುತ್ತಿರಲಿಲ್ಲ. ಒಂದಿಷ್ಟು ಉಳಿಸಿ ಕೆಳಕ್ಕೆ ಬೀಳಿಸುತ್ತಿತ್ತು. ಕೆಂದಿ ಅದನ್ನು ನಾಲಗೆಯಲ್ಲಿ ಹಿಡಿಯುತ್ತಿತ್ತು. ಅವರ ಸ್ನೇಹ ಅಷ್ಟೇ.

“ಅಷ್ಟೇನಾ?” ಎಂದು ಕೆಂದಿ ಕೇಳುತ್ತದೆ. ನನ್ನ ಕರು ಹೀಗೆಯೇ, ಸಾಲು ಮುಗಿಯುವ ಮೊದಲೇ ಮೂತಿ ಹಾಕುತ್ತದೆ. “ನನ್ನ ಗಂಟೆ ವಿಷ್ಯ ಬುಟ್ಟೇಬುಟ್ಟೆ.”

ಹೌದು, ಗಂಟೆ. ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆ ದಿನಗಳಲ್ಲಿ ಅದು ತಿನ್ನುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರದ ಹುಳದ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡಬಾರದು. ಹೊರಗಿನವರನ್ನಂತೂ ಕೋಣೆಯ ಹೊಸ್ತಿಲು ದಾಟಿಸುವುದಿಲ್ಲ. ಮನೆಯವರು ಕೆಂದಿಯ ಕೊರಳ ಗಂಟೆಯೊಳಗೆ ಹಳೇ ಬಟ್ಟೆ ತುರುಕುತ್ತಿದ್ದರು. ಒಂದು ಸಲ ಬಟ್ಟೆ ತುರುಕುವುದನ್ನು ಮರೆತರು. ಆ ದಿನವೆಲ್ಲ ಕೆಂದಿ ನೊಣ ಕೂತರೂ ಕತ್ತು ಅಲ್ಲಾಡಿಸಲಿಲ್ಲ.

“ಹ್ಞೂಂ, ಈಗ ಸರಿ,” ಎನ್ನುತ್ತದೆ ಕೆಂದಿ.

೨

ಫೋನು ಬಂದದ್ದು ಈ ವರ್ಷವೇ, ನಮ್ಮ ರಾಮನಗರ ಜಿಲ್ಲೆಯಾದ ಎರಡು ಸಾವಿರದ ಏಳರಲ್ಲಿ. ಮಾಡಿದವನು ಅಶ್ವಥ್, ಬೆಂಗಳೂರಿನ ಒಂದು ಆನಿಮೇಷನ್ ಕಂಪನಿಯಲ್ಲಿ ಕಥೆಯ ವಿಭಾಗ ನೋಡುವವನು. ನಾನು ಟೀಚರಾಗಿದ್ದಾಗ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಬರೆದ ಪ್ರಾಣಿ ಕಥೆಗಳು ಅವನ ಕೈಗೆ ಸಿಕ್ಕಿದ್ದವು. ನಾಯಿ ಮತ್ತು ಕುರಿಮರಿ, ಕಾಗೆ ಮತ್ತು ಎಮ್ಮೆ, ಹೀಗೆ ಹನ್ನೆರಡು. ಹದಿಮೂರನೆಯದು ಕೆಂದಿ ಮತ್ತು ಸಣ್ಣಿ.

“ಮೇಡಂ, ಲವ್ಲಿ ಸ್ಟೋರೀಸ್. ಯಾರೂ ಯಾರಿಗೂ ಹೊಡೆಯಲ್ಲ, ಬಯ್ಯಲ್ಲ. ಈಗ ಅಂಥದ್ದೇ ಬೇಕು ಚಾನೆಲ್‌ಗೆ. ಹದಿಮೂರು ಎಪಿಸೋಡು. ಕೆಂದಿ-ಸಣ್ಣೀನೇ ಮೇನ್ ಕ್ಯಾರೆಕ್ಟರ್ಸ್. ಬಾಕಿಯವರೆಲ್ಲ ಅವರ ಫ್ರೆಂಡ್ಸ್ ಆಗಿ ಬಂದು ಹೋಗ್ತಾರೆ.”

ಅವನು ಚಿತ್ರ ಬರೆಯುವ ಹುಡುಗಿಯನ್ನು ನನ್ನ ಮನೆಗೆ ಕಳಿಸಿದ. ದಿವ್ಯ ಚನ್ನಪಟ್ಟಣದವಳು. ಅವಳ ಬೀದಿಯಲ್ಲಿ ಅರ್ಧ ಜನ ಇನ್ನೂ ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಾರೆ. ಉಳಿದರ್ಧ ಜನರನ್ನು ಬೆಳಿಗ್ಗೆ ಬಿಡದಿಯ ಫ್ಯಾಕ್ಟರಿ ಬಸ್ಸುಗಳು ಬಂದು ಎತ್ತಿಕೊಂಡು ಹೋಗುತ್ತವೆ. ಬಂದವಳು ಮೊದಲು ನನ್ನ ಕುರ್ಚಿಯ ಹಿಂದೆ ದಿಂಬು ಸರಿಮಾಡಿದಳು. ಯಾರೂ ಹೇಳಿರಲಿಲ್ಲ. ನನ್ನ ಬೆನ್ನು ನೋಯುವುದು ಅವಳಿಗೆ ಹೇಗೆ ಗೊತ್ತಾಯಿತೋ. ಆಮೇಲೆ ಲ್ಯಾಪ್‌ಟಾಪು ತೆಗೆದು ಕೆಂದಿಯನ್ನು ತೋರಿಸಿದಳು. ದುಂಡು ಮೈ, ಮರದ ಬೊಂಬೆಯ ಹೊಳಪು.

“ಚಂದ ಇದೆ ಮಗಳೇ,” ಎಂದೆ.

“ಮಿಸ್, ಒಂದ್ ಪ್ರಾಬ್ಲಮ್ಮು. ಸಣ್ಣಿ ಗೂಡು ಕಟ್ಟಂಗಿಲ್ಲ. ಗೂಡು ಕಟ್ಬುಟ್ರೆ ಮುಂದಿನ್ ಎಪಿಸೋಡಿಗೆ ಕ್ಯಾರೆಕ್ಟರೇ ಇರಕಿಲ್ಲ. ಅದ್ಕೇ ಹನ್ನೆರಡು ಎಪಿಸೋಡಲ್ಲೂ ಹುಳಾನೇ.”

“ಹನ್ನೆರಡು ವಾರ ಸೊಪ್ಪು ತಿಂತಾನೇ ಇರುತ್ತಾ? ಹಣ್ಣಾಗಿ ಗೂಡು ಕಟ್ಟೋದೇ ಇಲ್ವಾ?”

“ನಾನೂ ಅದನ್ನೇ ಅಂದೆ ಮಿಸ್! ನಮ್ಮಜ್ಜಿ ಮನೇಲಿ ಹಣ್ಣಾಗ್ದಿರೋ ಹುಳಾನ ರೋಗದ್ ಹುಳ ಅಂತ ತಿಪ್ಪೆಗ್ ಎಸಿತಾರೆ ಅಂದೆ. ಸಾರ್ ನಕ್ಬುಟ್ರು. ‘ಹದಿಮೂರನೇದ್ರಲ್ಲಿ ಗೂಡು ಕಟ್ಲಿ ಬಿಡಿ, ಎಂಡಿಂಗ್ ಮೇಡಮ್ಮನ್ನೇ ಕೇಳಿ’ ಅಂದ್ರು. ಆದ್ರೆ ನಿಮ್ ಎಂಡಿಂಗ್ ಬೇಡ್ವಂತೆ ಮಿಸ್. ಮಕ್ಳು ಅಳ್ತವಂತೆ.”

ನನ್ನ ಎಂಡಿಂಗ್, ಅಂದರೆ ಪತ್ರಿಕೆಯಲ್ಲಿ ಅಚ್ಚಾದದ್ದು, ಇಷ್ಟೇ: ಸಣ್ಣಿ ಗೂಡು ಕಟ್ಟಿತು. ಗೂಡನ್ನೆಲ್ಲ ಚೀಲಕ್ಕೆ ತುಂಬಿ ರಾಮನಗರದ ಮಾರುಕಟ್ಟೆಗೆ ಒಯ್ದರು. ಕೆಂದಿ ಕಿಟಕಿಯ ಕೆಳಗೆ ನಿಂತು ಕಾಯುತ್ತಲೇ ಇತ್ತು.

ರಾಮನಗರದ ಮಾರುಕಟ್ಟೆಗೆ ಹೋದ ಗೂಡು ಏನಾಗುತ್ತದೆ ಎಂದು ನಮ್ಮ ಊರಿನ ಮಗುವಿಗೂ ಗೊತ್ತು. ಕುದಿಯುವ ನೀರು, ನೂಲು ಬಿಚ್ಚುವ ಚಕ್ರ. ಅದನ್ನು ನಾನು ಬರೆಯಲಿಲ್ಲ. ಬರೆಯದೆಯೇ ಹೇಳಿದೆನೆಂದು ಆಗ ಬಹಳ ಹೆಮ್ಮೆಪಟ್ಟುಕೊಂಡಿದ್ದೆ.

ದಿವ್ಯ ನನ್ನ ಮುಖ ನೋಡಿದಳು. “ಬೇರೆ ಎಂಡಿಂಗ್ ಏನಾರಾ ಇತ್ತಾ ಮಿಸ್?”

ಇತ್ತು. ಆದರೆ ಅದು ನನ್ನದಲ್ಲ.

೨ (ಮತ್ತೆ. ದೇವಿ ಇಲ್ಲಿಗೆ ಬರಬೇಕಾಗಿತ್ತು. ನಾನು ಫೋನು, ಲ್ಯಾಪ್‌ಟಾಪು ಎಂದು ತಡಮಾಡಿದೆ.)

ಕೈಲಾಂಚದ ಶಾಲೆಯಲ್ಲಿ ನಾವಿಬ್ಬರೇ ಟೀಚರಮ್ಮಂದಿರು. ನಾನು ಆ ಊರಿನವಳೇ, ಮೈಸೂರಿನಲ್ಲಿ ಬಿ.ಎ. ಓದಿ ಬಂದವಳು, ಚಿಕ್ಕಲಕ್ಷ್ಮಮ್ಮ. ಅವಳು ಮಾಗಡಿ ತಾಲ್ಲೂಕಿನ ಕುದೂರಿನವಳು, ಲಕ್ಷ್ಮಿದೇವಮ್ಮ. ಇಬ್ಬರೂ ಲಕ್ಷ್ಮಿಯರೆಂದು ಮಕ್ಕಳಿಗೆ ಗೊಂದಲವಾಗಿ, ನಾನು ಚಿಕ್ಕಿ ಮಿಸ್ಸೂ ಅವಳು ದೇವಿ ಮಿಸ್ಸೂ ಆದೆವು. ಅವಳು ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಬೆಳಿಗ್ಗೆ ನನ್ನ ಜಡೆ ಅವಳು ಹಾಕುತ್ತಿದ್ದಳು, ಅವಳದು ನಾನು. ನನ್ನ ರಾಗಿಮುದ್ದೆಯಲ್ಲಿ ಗಂಟು ಇದ್ದರೆ ಆ ಭಾಗವನ್ನು ಮುರಿದು ಸುಮ್ಮನೆ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ನಾನು ಅದನ್ನು ಗಮನಿಸಿದ್ದು ಅವಳು ಹೋದ ಮೇಲೆ, ನನ್ನ ತಟ್ಟೆಯಲ್ಲಿ ಗಂಟು ಸಿಗತೊಡಗಿದಾಗ.

ಮಧ್ಯಾಹ್ನದ ಊಟದ ನಂತರ ಹೊಂಗೆ ಮರದ ಕೆಳಗೆ ಕಥೆ. ಹೇಳುವವಳು ದೇವಿ. ನಡುನಡುವೆ ಬಾಯಿ ಹಾಕುವವಳು ನಾನು. ಸಂಜೆ ನೋಟುಬುಕ್ಕಿಗೆ ಬರೆಯುವವಳೂ ನಾನೇ. ಕೆಂದಿ ನಮ್ಮ ಮನೆಯ ಕರು. ಸಣ್ಣಿಯನ್ನು ತಂದವಳು ದೇವಿ. ಪೂರ್ತಿ ಒಂದು ವಾರ ಆ ಕಥೆ ನಡೆಯಿತು. ಶನಿವಾರ ಅವಳು ಹೀಗೆ ಮುಗಿಸಿದಳು: “ಒಂದಿನ ಬೆಳಿಗ್ಗೆ ಗೂಡಿನ ತುದಿ ಒದ್ದೆ ಆಯ್ತು. ಸಣ್ಣಿ ಹೊರಿಕ್ ಬಂತು. ಈಗ ಅದು ಚಿಟ್ಟೆ. ಹಾರ್ಲಿಲ್ಲ. ಗೋಡೆ ಮೇಲೆ ಮೆತ್ತಗೆ ನಡ್ಕೊಂಡು ಕಿಟಕಿಗ್ ಬಂತು. ಕೆಂದಿ ತಲೆ ಬಗ್ಗಿಸ್ತು.”

ಮಕ್ಕಳು ಉಸಿರು ಬಿಟ್ಟರು. ನಾನು ಎಲ್ಲರ ಎದುರಿಗೆ ಹೇಳಿದೆ: “ದೇವಿ ಮಿಸ್, ಮಕ್ಕಳಿಗೆ ಸುಳ್ಳು ಹೇಳಬಾರದು.”

ಆಡಿದ್ದು ನಗುತ್ತಲೇ. ನನಗೆ ಬಿ.ಎ. ಆಗಿತ್ತು, ಅವಳದು ಎಸ್ಸೆಸ್ಸೆಲ್ಸಿ ಮತ್ತು ಟೀಸೀಎಚ್ ತರಬೇತಿ.

ದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಟೆ ಬಾರಿಸಲು ಹೋದಳು. ನಾನು ನನ್ನ ಮುಕ್ತಾಯ ಬರೆದು ಪತ್ರಿಕೆಗೆ ಕಳಿಸಿದೆ. ನನ್ನ ಹೆಸರಿನಲ್ಲಿ ಅಚ್ಚಾಯಿತು. ಮುಂದಿನ ಜೂನ್‌ಗೆ ಅವಳು ಕುದೂರಿಗೆ ವರ್ಗ ಮಾಡಿಸಿಕೊಂಡಳು. ನಾನು ಮೂರು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಬರೆಯಲಿಲ್ಲ. ನಾಲ್ಕನೆಯದಕ್ಕೆ ಉತ್ತರ ಬರುತ್ತಿತ್ತೇನೋ ಎಂದು ಮಾತ್ರ ಪ್ರತಿ ಜೂನ್‌ನಲ್ಲೂ ಯೋಚಿಸುತ್ತೇನೆ.

(ಓದುಗರೇ, ಮೂವತ್ತಮೂರು ವರ್ಷ ಯಾಕೆ ಹೋಗಲಿಲ್ಲ ಎಂದು ಕೇಳುತ್ತೀರಿ. ರಾಮನಗರದಿಂದ ಕುದೂರಿಗೆ ಎರಡು ಬಸ್ಸು. ಇದಕ್ಕೆ ಉತ್ತರ ಕೊಡುವ ಪ್ಯಾರಾ ಬರೆದಿದ್ದೆ, ಮದುವೆ, ಬಾಣಂತನ, ಅತ್ತೆಯ ಪಾರ್ಶ್ವವಾಯು ಎಲ್ಲ ಹಾಕಿ. ಓದಿ ನೋಡಿದರೆ ಅದೆಲ್ಲ ನಿಜ. ಆದರೂ ಹೊಡೆದುಹಾಕಿದೆ.)

೩

ದಿವ್ಯ ಕೇಳಿದ್ದಾಳೆಂದು ಬೇರೆ ಮುಕ್ತಾಯಗಳನ್ನು ಬರೆದು ನೋಡಿದೆ.

ಮೊದಲನೆಯದು: ಸಣ್ಣಿಗೆ ಕಾಮನಬಿಲ್ಲಿನ ರೆಕ್ಕೆ ಬರುತ್ತದೆ. ಅದು ಹಾರಿ ಕೆಂದಿಯ ಕೊಂಬಿನ ಮೇಲೆ ಕೂರುತ್ತದೆ. ಇಬ್ಬರೂ ಹಾಡುತ್ತಾರೆ.

“ನಂಗೆಲ್ಲವ್ವ ಕೊಂಬು?” ಎಂದಿತು ಕೆಂದಿ. “ನಾನಿನ್ನೂ ಕರ.”

ಇನ್ನೊಂದು, ಅಶ್ವಥ್ ಫೋನಿನಲ್ಲಿ ಹೇಳಿದ್ದು: ಉಜಿ ನೊಣ ಎಂಬ ವಿಲನ್ ಬರುತ್ತದೆ, ಹುಳದ ಮೈಮೇಲೆ ಮೊಟ್ಟೆಯಿಡುವ ನೊಣ. ಕೆಂದಿ ಬಾಲ ಬೀಸಿ ಓಡಿಸುತ್ತದೆ. ಉಜಿ ನೊಣ ಕ್ಷಮೆ ಕೇಳುತ್ತದೆ. ನಾನು ಹೇಳಿದೆ, ಈ ಕಥೆ ಬರೆದಾಗ ಉಜಿ ನಮ್ಮ ಊರಿಗೇ ಬಂದಿರಲಿಲ್ಲಪ್ಪ. “ಮೇಡಂ, ಅಪ್‌ಡೇಟ್ ಮಾಡೋಣ,” ಎಂದ. ಒಳ್ಳೆಯ ಹುಡುಗ. ಫೋನಿಡುವ ಮೊದಲು ಪ್ರತಿ ಸಲ ಊಟ ಆಯಿತಾ ಎಂದು ಕೇಳುತ್ತಾನೆ, ಉತ್ತರ ಬರುವ ತನಕ ಕಾಯುತ್ತಾನೆ.

ಮತ್ತೊಂದು: ಮಾರುಕಟ್ಟೆಗೆ ಹೋಗುವ ಚೀಲದಿಂದ ಒಂದು ಗೂಡು ಜಾರಿ ಬೀಳುತ್ತದೆ. ಅದು ಸಣ್ಣಿಯದೇ.

ಇದನ್ನು ಬರೆದು ಪೆನ್ನು ಕೆಳಗಿಟ್ಟಾಗ ಸಣ್ಣಿ ಮಾತಾಡಿತು. ಅದು ಮಾತಾಡುವುದು ಕಮ್ಮಿ.

“ಮಿಕ್ಕವು?” ಎಂದು ಕೇಳಿತು.

ಹಾಳೆ ಹರಿದೆ.

ನನಗೆ ಬೇಕಾಗಿದ್ದುದು ಇವ್ಯಾವುವೂ ಅಲ್ಲ ಎಂದು ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿದೆ. ಕಥೆಯ ಕೊನೆ ನನಗೆ ಬೇಕಾಗಿರಲಿಲ್ಲ, ದೇವಿ ಬೇಕಾಗಿದ್ದಳು. ಟೀವಿಯವರು ಒಂದು ಸಲ ಏನಾದರೊಂದು ಮುಕ್ತಾಯವನ್ನು ಬಣ್ಣದಲ್ಲಿ ತೋರಿಸಿಬಿಟ್ಟರೆ, ಮನೆಮನೆಯ ಮಕ್ಕಳಿಗೆ ಅದೇ ಕಥೆಯಾಗುತ್ತದೆ. ಅವಳ ಮನೆಯಲ್ಲೂ ಟೀವಿ ಇರುತ್ತದೆ. ತನ್ನ ಹುಳವನ್ನು ಎರಡನೆಯ ಸಲ ನಾನೇ ಕೊಂದದ್ದನ್ನೋ, ರೆಕ್ಕೆ ಅಂಟಿಸಿ ಹಾರಿಸಿದ್ದನ್ನೋ ಅವಳು ಕೂತು ನೋಡಬೇಕಾಗುತ್ತದೆ. ಅದಕ್ಕೆ ಮೊದಲು ಅವಳ ಮುಂದೆ ನಾನು ಹೋಗಿ ನಿಲ್ಲಬೇಕು. ಅಶ್ವಥ್ ಸೋಮವಾರದವರೆಗೆ ಸಮಯ ಕೊಟ್ಟಿದ್ದ.

೪

ಗುರುವಾರ ದಿವ್ಯ ಓಡುತ್ತ ಬಂದಳು. ಚಪ್ಪಲಿಯನ್ನು ಒಂದು ಇಲ್ಲಿ, ಒಂದು ಅಲ್ಲಿ ಬಿಟ್ಟಳು.

“ಮಿಸ್, ನಿನ್ನೆ ಕ್ಯಾಮ್ರಾ ತಗಂಡು ಮಾಗಡಿ ಕಡೀಕ್ ಹೋಗಿದ್ದೆ, ರೆಫರೆನ್ಸ್‌ಗೆ. ಅಲ್ಲಿ ಗೂಡು ಬೇರೆ ಥರಾನೇ ಐತೆ. ಹಸ್ರು ಹಳದಿ, ತುದಿ ಚೂಪು. ಇದನ್ನ ಯಾವಾಗ ಕುದ್ಸ್ತೀರಿ ಅಂದೆ. ಎಲ್ಲಾ ನನ್ನೇ ನೋಡ್ಬುಟ್ರು ಮಿಸ್, ಹಸುಗೂಸ್ನ ಯಾವಾಗ ಕುದ್ಸ್ತೀರಿ ಅಂದಂಗೆ!”

“ಏನಂದರು?”

“ಲಿಂಗಯ್ಯ ಅಂತ ಒಬ್ರು ತಾತ. ‘ಇದು ಬಿತ್ತನೆ ಗೂಡು ಕಣವ್ವ. ನಾವು ಕುದ್ಸಕಿಲ್ಲ. ಸರ್ಕಾರಿ ಮೊಟ್ಟೆ ಕೋಠಿಗ್ ಕೊಡ್ತೀವಿ, ಚಿಟ್ಟೆ ಹೊರಿಕ್ ಬತ್ತದೆ, ಮೊಟ್ಟೆ ಇಡ್ತದೆ. ನಿಮ್ ರಾಮ್ನಗರದೋರು ಕುದ್ಸಕ್ಕೆ ಮೊಟ್ಟೆ ಎಲ್ಲಿಂದ ಬತ್ತದೆ ಅಂದ್ಕಂಡಿದ್ದೀಯ?’ ಅಂದ್ರು.”

“ಯಾವೂರು ಅದು?”

“ಕುದೂರ್ ಹೋಬ್ಳಿ ಮಿಸ್. ಆ ಕಡೆ ಹಳ್ಳಿ ಹಳ್ಳೀನೂ ಹಂಗೇ ಅಂತೆ. ತಾತನ ಕಾಲ್ದಿಂದ.”

ಈಗ ನಾನು ಸಾಹಿತ್ಯದಲ್ಲಿ ಹೇಳುವಂತೆ ‘ಕಾಲಕೆಳಗಿನ ನೆಲ ಕುಸಿಯಿತು’ ಎಂದು ಬರೆಯಬಹುದು. ನೆಲ ಕುಸಿಯಲಿಲ್ಲ. ದಿವ್ಯಳಿಗೆ ಕಾಫಿ ಮಾಡಿಕೊಟ್ಟೆ. ಸಕ್ಕರೆ ಹಾಕಲಿಲ್ಲ. ಅವಳು ಪೂರ್ತಿ ಕುಡಿದಳು.

ನಮ್ಮ ಮನೆಗೆ ಮೊಟ್ಟೆಯ ಹಾಳೆ ಸರ್ಕಾರಿ ಬಿತ್ತನೆ ಕೋಠಿಯಿಂದ ಬರುತ್ತಿತ್ತು. ಅಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ತರುತ್ತಿದ್ದರು. ಕೋಠಿಗೆ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿರಲಿಲ್ಲ. ನನ್ನ ಲೋಕದಲ್ಲಿ ಗೂಡು ಎಂದರೆ ಮಾರುಕಟ್ಟೆ, ಮಾರುಕಟ್ಟೆ ಎಂದರೆ ಕುದಿಯುವ ನೀರು. ಹದಿನೈದು ಹರದಾರಿ ಆಚೆಗೆ ಅದೇ ಗೂಡಿಗೆ ಬೇರೆ ಬಾಳು ಇರಬಹುದೆಂದು ಬಿ.ಎ.ಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ದೇವಿ ಸುಳ್ಳು ಹೇಳಿರಲಿಲ್ಲ. ತನ್ನ ಊರಿನಲ್ಲಿ ಕಂಡದ್ದನ್ನು ಹೇಳಿದ್ದಳು. ಗೂಡಿನ ತುದಿ ಒದ್ದೆಯಾಗುತ್ತದೆ ಎನ್ನುವುದನ್ನು ಕಾಣದವರು ಹೇಗೆ ಹೇಳುತ್ತಾರೆ? ಹಾರಲಿಲ್ಲ, ನಡೆದು ಬಂತು ಎನ್ನುವುದನ್ನು ಯಾರಾದರೂ ಕಟ್ಟುತ್ತಾರೆಯೇ? ಸುಳ್ಳು ಹೇಳುವವಳಾಗಿದ್ದರೆ ಹಾರಿಸುತ್ತಿದ್ದಳು.

೫ (ಎರಡು ಕರಡುಗಳು, ಎರಡನ್ನೂ ಬಿಟ್ಟಿದ್ದೇನೆ)

ಮೊದಲ ಕರಡಿನಲ್ಲಿ ನಾನು ಕುದೂರಿಗೆ ಹೋಗುವಾಗ ದೇವಿ ಇರುವುದಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅದರ ಮುಂದೆ ನಾನು ಅಳುತ್ತೇನೆ, ನೀವೂ ಅಳುತ್ತೀರಿ, ಕಥೆ ಮುಗಿಯುತ್ತದೆ. ಬರೆಯಲು ಬಹಳ ಸಲೀಸು. ಒಬ್ಬಳನ್ನು ಕೊಂದು ಕಥೆ ಮುಗಿಸುವ ಚಾಳಿ ನನ್ನದು ಎಂದು ಗೊತ್ತಾಗಿ ನಿಲ್ಲಿಸಿದೆ.

ಎರಡನೆಯದರಲ್ಲಿ ಅವಳಿಗೆ ಮರೆವಿನ ಕಾಯಿಲೆ. ನನ್ನ ಗುರುತು ಸಿಗುವುದಿಲ್ಲ. ಆದರೆ ನಾನು ಸಣ್ಣಿ ಎಂದೊಡನೆ ಕಣ್ಣು ಹೊಳೆಯುತ್ತದೆ.

“ಥೂ,” ಎಂದಿತು ಕೆಂದಿ. “ಒಸಿ ಬಸ್ ಹತ್ತಿ ಹೋಗಿ ನೋಡ್ಬಾರ್ದಾ?”

೬

ಶನಿವಾರ ಹೋದೆ. ದಾರಿಯಲ್ಲಿ ಕಲ್ಲು ತುಂಬಿದ ಲಾರಿಗಳು, ಹಿಪ್ಪುನೇರಳೆ ಕಿತ್ತ ಹೊಲಗಳಲ್ಲಿ ಸೈಟಿನ ಬಿಳಿ ಗೂಟಗಳು. ಮಾಗಡಿಯಲ್ಲಿ ಬಸ್ಸು ಬದಲಿಸಿದೆ. ಮೆಟ್ಟಿಲು ಎತ್ತರವಿತ್ತು. ಹಿಂದೆ ನಿಂತಿದ್ದ ಗಾರ್ಮೆಂಟ್ಸ್ ಹುಡುಗಿ ಕೇಳದೆಯೇ ನನ್ನ ಮೊಣಕೈ ಹಿಡಿದು ಹತ್ತಿಸಿ, ಥ್ಯಾಂಕ್ಸ್ ಹೇಳುವ ಮುಂಚೆ ಜನರಲ್ಲಿ ಸೇರಿಹೋದಳು.

ಕುದೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವನನ್ನು ಲಕ್ಷ್ಮಿದೇವಮ್ಮ ಟೀಚರ ಮನೆ ಕೇಳಿದೆ. “ಲೆಕ್ಕದ್ ಮೇಷ್ಟ್ರಮ್ಮನ?” ಎಂದ. ಲೆಕ್ಕದವರಲ್ಲ, ಕಥೆ ಹೇಳುವವರು ಎಂದೆ. “ಕತೆ ಗಿತೆ ಗೊತ್ತಿಲ್ಲ, ಲೆಕ್ಕ ತಪ್ಪಿದ್ರೆ ಕಿವಿ ಹಿಂಡೋರು. ಇಗೋ ನನ್ ಕಿವಿ ನೋಡಿ,” ಎಂದು ತೋರಿಸಿ ನಕ್ಕು, ಬಂಡಿಯನ್ನು ಪಕ್ಕದವನಿಗೆ ಒಪ್ಪಿಸಿ, ಬೀದಿಯ ತಿರುವಿನ ತನಕ ಬಂದ.

ಮನೆಯ ಹಿಂದೆ ಹೆಂಚಿನ ಕೋಣೆ. ಬಾಗಿಲಿನಲ್ಲಿ ಸುಣ್ಣ ಎರಚಿದ್ದರು. ಒಳಗೆ ನೆರಳಿನಲ್ಲಿ, ತಟ್ಟೆಗಳ ನಡುವೆ, ಬಿಳಿ ಕೂದಲಿನ ಒಬ್ಬಳು ಬಗ್ಗಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

“ದೇವೀ!” ಎಂದೆ.

ಅವಳು ತಿರುಗಲಿಲ್ಲ. ಬಲಗೈ ಮಾತ್ರ ಎತ್ತಿದಳು, ತರಗತಿಯಲ್ಲಿ ಗಲಾಟೆ ನಿಲ್ಲಿಸುವಂತೆ.

“ಮೆತ್ಗೆ,” ಎಂದಳು. “ನಾಕ್ನೇ ಜ್ವರದಲ್ಲಿ ಅವೆ ಹುಳ.”

(ಈ ಭೇಟಿಯನ್ನು ಮನಸ್ಸಿನಲ್ಲಿ ನೂರು ಸಲ ಬರೆದಿದ್ದೇನೆ. ಒಂದರಲ್ಲಿ ಅವಳು ಕೂಗಾಡುತ್ತಾಳೆ, ಒಂದರಲ್ಲಿ ನಾನು ಬಿಕ್ಕಿ ಅಳುತ್ತೇನೆ. ಇಬ್ಬರೂ ಪಿಸುಗುಟ್ಟಬೇಕಾದೀತೆಂದು ಯಾವುದರಲ್ಲೂ ಬರೆದಿರಲಿಲ್ಲ.)

ಅವಳು ತಿರುಗಿ ನೋಡಿದಳು. ನಾನು ಹೊಸ್ತಿಲ ಆಚೆಗೇ ನಿಂತಿದ್ದೆ. ಜ್ವರದ ಕೋಣೆಗೆ ಹೊರಗಿನವರು ಕಾಲಿಡಬಾರದು. ಅಷ್ಟು ಶಾಸ್ತ್ರ ನನಗೂ ಗೊತ್ತು.

“ಏನಮ್ಮಿ ಚಿಕ್ಕಿ,” ಎಂದಳು ಪಿಸುಮಾತಿನಲ್ಲಿ, “ಇಷ್ಟ್ ದಪ್ಪ ಆಗ್ಬುಟ್ಟಿದ್ದೀಯ!”

“ನೀನೇನು ಸಣ್ಣಗಿದ್ದೀಯಾ?”

“ನಾನು ಓಡಾಡ್ತೀನವ್ವ. ನೀನು ಕೂತ್ಕಂಡು ಬರೀತೀಯ.”

ಬರೀತೀಯ ಎಂದದ್ದು ಚುಚ್ಚಿತು. ಚುಚ್ಚಲೆಂದೇ ಅಂದಳೋ ಗೊತ್ತಾಗಲಿಲ್ಲ. ನಾನು ಕಥೆಯನ್ನೆಲ್ಲ ಒಂದೇ ಉಸಿರಿಗೆ, ಪಿಸುಮಾತಿನಲ್ಲೇ, ಹೇಳಿದೆ. ಟೀವಿ, ದಿವ್ಯ, ಬಿತ್ತನೆ ಗೂಡು. “ನನಗೆ ಗೊತ್ತಿರಲಿಲ್ಲ ದೇವಿ. ನಿಜವಾಗಿ ಗೊತ್ತಿರಲಿಲ್ಲ. ನೀನು ಯಾಕೆ ಹೇಳಲಿಲ್ಲ?”

“ಏನ್ ಹೇಳದು? ಬೇಳೆ ಬೇಯ್ತದೆ, ನೀರು ಹರೀತದೆ ಅಂತ ಯಾರಾದ್ರೂ ಹೇಳ್ತಾರಾ? ನಮ್ಮೂರಲ್ಲಿ ಗೂಡು ಅಂದ್ರೆ ಚಿಟ್ಟೆ ಬತ್ತದೆ. ಕುದ್ಸೋದು ಪುಸ್ತಕದಲ್ಲಿ ಓದಿದ್ದೆ. ಅದ್ಯಾವ್ದೋ ಬೇರೆ ಜಾತಿ ಹುಳ ಅಂದ್ಕಂಡಿದ್ದೆ. ನಿಮ್ಮನೇಲಿ ಬಾಡ್ಗೆ ಇದ್ದು, ಅದೇ ಹುಳಕ್ಕೆ ಸೊಪ್ಪು ಹಾಕಿ... ನಮ್ಮನೆ ಹುಳದಂಗೇ ಬಾಳಾಟ ಇವಕ್ಕೂ ಅಂದ್ಕಂಡೆ. ನೀನು ಸುಳ್ಳು ಅಂದ್ಮೇಲೆ ರಾಮ್ನಗರಕ್ಕೆ ಹೋಗಿ ನೋಡ್ಕಂಡ್ ಬಂದೆ ಕಣೆ. ಆ ನೀರ ನೋಡ್ದೆ. ಆ ವಾಸ್ನೆ.” ಅವಳು ತಟ್ಟೆಯ ಅಂಚು ಒರೆಸಿದಳು. “ಆಮೇಲೆ ನಿಮ್ಮನೇಲಿ ಸೊಪ್ಪು ಹಾಕಕ್ಕೆ ಕೈ ಬರಲಿಲ್ಲ.”

“ಅದಕ್ಕೆ ಹೋದೆಯಾ?”

“ಅದ್ಕಲ್ಲ.” ಅವಳ ದನಿ ಇನ್ನೂ ಕೆಳಗಿಳಿಯಿತು, ಕೇಳಿಸಲೆಂದು ನಾನು ಹೊಸ್ತಿಲ ಮೇಲೆ ಬಗ್ಗಬೇಕಾಯಿತು. “ನೀನು ಮಕ್ಕಳ ಮುಂದೆ ಅಂದೆ. ಸಾಯಂಕಾಲ ಮೂರ್ನೇ ಕ್ಲಾಸಿನ್ ಮಗಾ ಒಂದು ಬಂದು, ‘ಮಿಸ್ಸು, ಕಾಗೆ ಎಮ್ಮೆ ಕತೇನೂ ಸುಳ್ಳಾ?’ ಅಂತು. ಇಲ್ಲಿಗ್ ಬಂದ್ಮೇಲೆ ಕತೆ ಹೇಳಕ್ಕೆ ಕೂತ್ರೆ ಆ ಮಗಿನ್ ಮುಖ. ಬುಟ್ಬುಟ್ಟೆ. ಲೆಕ್ಕ ಹೇಳ್ಕೊಟ್ಟೆ. ಲೆಕ್ಕಾನ ಯಾರೂ ಸುಳ್ಳು ಅನ್ನಕಿಲ್ಲ.”

ಮೂವತ್ತಮೂರು ವರ್ಷ ಕುದೂರಿನ ಮಕ್ಕಳಿಗೆ ಕಥೆ ಸಿಗಲಿಲ್ಲ. ನಾನು ಕಳೆದುಕೊಂಡದ್ದನ್ನು ಮಾತ್ರ ಲೆಕ್ಕವಿಟ್ಟಿದ್ದೆ; ಅವರದು ನನ್ನ ಲೆಕ್ಕದಲ್ಲೇ ಇರಲಿಲ್ಲ.

“ತಪ್ಪಾಯಿತು,” ಎಂದೆ. ಪಿಸುಮಾತಿನಲ್ಲಿ ಆ ಪದ ಬಹಳ ಚಿಕ್ಕದಾಗಿ ಕೇಳಿತು. ಗಟ್ಟಿಯಾಗಿ ಹೇಳಬೇಕೆನಿಸಿತು. ಹುಳಗಳು ತಲೆ ಎತ್ತಿಕೊಂಡು ಮಲಗಿದ್ದವು, ಸಾವಿರಾರು.

ದೇವಿ ಬಾಗಿಲ ಪಕ್ಕದ ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದಳು.

“ಕಾಲು ಚಾಚು,” ಎಂದಳು. ನನ್ನ ಕಾಲಿನ ಮೇಲೆ ನೀರು ಸುರಿದಳು. ಬೆರಳ ಸಂದಿಗೂ ಹೋಗುವಂತೆ ಎರಡು ಸಲ. “ಒಳೀಕ್ ಬಾ. ಅಲ್ ನಿಂತ್ಕಂಡ್ರೆ ಬೆನ್ನು ಹಿಡ್ಕತದೆ.”

ಒಳಗೆ ಒಂದೇ ಸ್ಟೂಲು. ನನ್ನನ್ನು ಕೂರಿಸಿ ತಾನು ನಿಂತಳು.

“ಹದಿಮೂರನೆಯ ಕಂತಿನಲ್ಲಿ ನಿನ್ನ ಕೊನೆಯನ್ನೇ ಹಾಕಿಸುತ್ತೇನೆ,” ಎಂದೆ. “ಸಣ್ಣಿ ಹೊರಗೆ ಬರಲಿ. ನಡೆದೇ ಬರಲಿ. ನಿನ್ನ ಹೆಸರೂ ಹಾಕಿಸುತ್ತೇನೆ.”

ಅವಳು ನಕ್ಕಳು, ಶಬ್ದವಿಲ್ಲದೆ. “ಅದೂ ಪೂರ್ತಿ ಅಲ್ಲ ಕಣಮ್ಮಿ. ಕೋಠೀಲಿ ಚಿಟ್ಟೆ ಮೊಟ್ಟೆ ಇಟ್ಮೇಲೆ ಆ ಚಿಟ್ಟೇನೇ ಅರ್ದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ, ರೋಗ ಐತಾ ಅಂತ. ನಮ್ಮಪ್ಪ ನಂಗೆ ಹೇಳಿರಲಿಲ್ಲ. ದೊಡ್ಡೋಳಾದ್ಮೇಲೆ ಗೊತ್ತಾಯ್ತು. ನಾನು ಕತೆ ಕಿಟಕಿ ತಾವ್ಲೇ ನಿಲ್ಸಿದ್ದೆ, ನೀನು ಮಾರುಕಟ್ಟೆ ತಾವ ನಿಲ್ಸ್ದೆ. ಇಬ್ರೂ ಮುಂದಕ್ಕೆ ಹೋಗ್ಲಿಲ್ಲ.”

“ಹಾಗಾದರೆ ಟೀವಿಯವರಿಗೆ ಏನು ಹೇಳಲಿ?”

“ನಿಂಗೆ ಗೊತ್ತಿರ್ಬೇಕು. ಬರಿಯೋಳು ನೀನು.”

“ನಿನ್ನ ಹೆಸರು?”

“ಹಾಕ್ಸು, ಇಲ್ಲಾ ಬುಡು. ನಂಗೆ ಬೇಕಾಗಿರೋದು ಅದಲ್ಲ.”

“ಮತ್ತೇನು ಬೇಕು?”

ಅವಳು ತಟ್ಟೆಯೊಂದನ್ನು ಬೆಳಕಿಗೆ ಹಿಡಿದಳು. ಒಂದು ಹುಳ, ಒಂದೇ ಒಂದು, ಹಳೇ ಪೊರೆಯಿಂದ ತಲೆ ಬಿಡಿಸಿಕೊಳ್ಳುತ್ತಿತ್ತು. ನಾವಿಬ್ಬರೂ ನೋಡುತ್ತ ನಿಂತೆವು. ನನ್ನ ಪ್ರಶ್ನೆ ಅಲ್ಲೇ ಉಳಿಯಿತು.

(“ಕೇಳು, ಇನ್ನೊಂದ್ ಸಲ ಕೇಳು,” ಎಂದು ಕೆಂದಿ ನನ್ನನ್ನು ತಿವಿಯಿತು. ಕೇಳಲಿಲ್ಲ. ಇದನ್ನು ನನ್ನ ಹೇಡಿತನವೆಂದು ಬೇಕಾದರೂ ಓದಿಕೊಳ್ಳಿ.)

೮ (ಏಳನೆಯದು ಇಲ್ಲ. ಅದರಲ್ಲಿ ನಾವು ಊಟ ಮಾಡಿದೆವು. ಅದನ್ನು ನಿಮಗೆ ಕೊಡುವುದಿಲ್ಲ.)

ಈಗ ನೀವು ಒಂದು ಮುಕ್ತಾಯ ಕೇಳುತ್ತೀರಿ. ಸೋಮವಾರ ಅಶ್ವಥ್‌ಗೆ ಏನು ಹೇಳಿದೆ? ಸೋಮವಾರ ಇನ್ನೂ ಬಂದಿಲ್ಲ. ಇದನ್ನು ಬರೆಯುತ್ತಿರುವುದು ಶನಿವಾರ ಸಂಜೆ, ಬಸ್ಸಿನಲ್ಲಿ. ಅಕ್ಷರಗಳು ಕುಣಿಯುತ್ತಿವೆ, ಕ್ಷಮಿಸಿ.

ಬಸ್‌ಸ್ಟ್ಯಾಂಡಿನ ತನಕ ದೇವಿ ಬಂದಳು. ಬೀದಿಗೆ ಬಂದ ಮೇಲೆ ಗಟ್ಟಿಯಾಗಿ ಮಾತಾಡಬಹುದಾಗಿತ್ತು. ಆದರೂ ಇಬ್ಬರೂ ಪಿಸುಮಾತಿನಲ್ಲೇ ಇದ್ದೆವು. ಬಸ್ಸು ಬಂದು ನಿಲ್ಲುವ ಮೊದಲೇ ಜನ ಕಿಟಕಿಗಳಿಗೆ ಮುತ್ತಿ ಟವೆಲ್ಲು, ಕರ್ಚೀಫು, ಟಿಫನ್ ಬಾಕ್ಸು ತೂರಿಸಿ ಸೀಟು ಹಿಡಿಯತೊಡಗಿದರು. ನಮ್ಮ ಕಡೆ ಅದೇ ರಿಸರ್ವೇಷನ್. ಕಿಟಕಿಯಿಂದ ಒಳಬಿದ್ದ ವಸ್ತುವಿನ ಮೇಲೆ ಯಾರೂ ಕೂರುವುದಿಲ್ಲ. ದೇವಿ ಈ ವಯಸ್ಸಿನಲ್ಲಿ ಜನರನ್ನು ಭುಜದಿಂದ ತಳ್ಳಿ, ಹೆಗಲಿನಲ್ಲಿದ್ದ ತನ್ನ ಬಟ್ಟೆಯ ಚೀಲವನ್ನು ಮೂರನೆಯ ಕಿಟಕಿಯಿಂದ ಒಳಗೆ ಎಸೆದಳು.

“ಲೇ ಪುಟ್ಟಸ್ವಾಮಿ, ಅದು ನಮ್ಮೋಳ ಸೀಟು ಕಣ್ಲಾ!” ಎಂದು ಒಳಗಿದ್ದ ಯಾರಿಗೋ ಕೂಗಿದಳು. ಅವಳ ಹಳೆಯ ದನಿ ಕೇಳಿದ್ದು ಆಗಲೇ.

“ಆಯ್ತು ಮೇಷ್ಟ್ರಮ್ಮ, ಗಲಾಟೆ ಬ್ಯಾಡಿ!” ಎಂದು ಒಳಗಿನಿಂದ ಉತ್ತರ ಬಂತು.

ನಾನು ಹತ್ತಿ, ಚೀಲ ಎತ್ತಿಕೊಂಡು ಕೂತೆ. ಕಿಟಕಿಯಿಂದ ಅದನ್ನು ಅವಳ ಕಡೆಗೆ ಚಾಚುವಷ್ಟರಲ್ಲಿ ಬಸ್ಸು ಹೊರಟಿತು. ಅವಳು ಕೈ ನೀಡಲಿಲ್ಲ. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

ಚೀಲ ನನ್ನ ತೊಡೆಯ ಮೇಲಿದೆ. ಒಳಗೆ ಕನ್ನಡಕದ ಡಬ್ಬಿ ಇರುವಂತಿದೆ, ಒಂದು ಬೀಗದ ಕೈ ಗೊಂಚಲು ಕೈಗೆ ತಾಗುತ್ತದೆ. ಬಿಚ್ಚಿ ನೋಡಿಲ್ಲ. ಮರೆತಳೋ ಬಿಟ್ಟಳೋ, ನಾನು ನಿರ್ಧರಿಸುವುದಿಲ್ಲ. ಒಂದು ಸಲ ಅವಳ ಪರವಾಗಿ ನಿರ್ಧರಿಸಿದ್ದು ಸಾಕು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ಹೋಗಬಹುದು. ಈ ಪುಟ್ಟಸ್ವಾಮಿಯ ಕೈಯಲ್ಲಿ ನಾಳೆ ಕಳಿಸಬಹುದು. ಮನೆಗೆ ಒಯ್ದು, ಮುಂದಿನ ವಾರ ತಂದುಕೊಡುತ್ತೇನೆಂದು ಕಾಗದ ಬರೆಯಬಹುದು, ನಾಲ್ಕನೆಯ ಕಾಗದ. ಮೂರೂ ಕೊನೆಗಳು ನನ್ನ ಎದುರಿಗಿವೆ. ಕೆಂದಿ ಸುಮ್ಮನಿದೆ. ಸಣ್ಣಿಯೂ.

ಕಂಡಕ್ಟರು ಜನರ ನಡುವಿನಿಂದ ನನ್ನ ಸೀಟಿಗೆ ಬಂದು ನಿಂತಿದ್ದಾನೆ. ನಾನು ಬರೆಯುವುದನ್ನು ನೋಡಿ, ಸಾಲು ಮುಗಿಯಲಿ ಎಂದು ಕಾಯುತ್ತಿದ್ದಾನೆ.

“ಎಲ್ಲೀಗವ್ವ?” ಎಂದು ಕೇಳುತ್ತಿದ್ದಾನೆ.